ವಾಹನ ವಿಚಾರ: ಹಳೆಯ ಜೀಪಿಗೆ ಮುಂದಿನ ಲಾಕರ್ ಬೇಕೇ?



ಈ ಸಲ ಟೈರು, ಬ್ಯಾಟರಿಗಳ ಮಾತನ್ನು ಬದಿಗಿಟ್ಟು ಒಂದು ಪತ್ರಕ್ಕೆ ಉತ್ತರ ಬರೆಯುತ್ತಿದ್ದೇನೆ. ಚಿಂಚವಡದಲ್ಲಿ ನೌಕರಿಯಲ್ಲಿರುವ ನಮ್ಮ ಸದಸ್ಯರೊಬ್ಬರ ಊರು ಸೋಮವಾರಪೇಟೆಯ ಕಡೆ. ತಂದೆಯವರದು ಅಲ್ಲಿ ಸಣ್ಣ ಕಾಫಿ ತೋಟ. ಮನೆಯಲ್ಲಿ ತೊಂಬತ್ತರ ದಶಕದ ಒಂದು ಮಹೀಂದ್ರ ಜೀಪು. ಹಿಂದಿನ ಆ್ಯಕ್ಸಲ್‌ಗೆ ಲಾಕರ್ ಹಾಕಿಸಿ ಆಗಿದೆ. ಆದರೂ ಹೋದ ಆಷಾಢದಲ್ಲಿ ಒಂದು ರಾತ್ರಿ ತಾಯಿಯವರಿಗೆ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಹೊರಟಾಗ, ಗೇಟಿನ ಹತ್ತಿರದ ಏರಿನಲ್ಲಿ ಜೀಪು ನಿಂತೇಬಿಟ್ಟಿತಂತೆ. ನೆರೆಯವರು ಟ್ರ್ಯಾಕ್ಟರ್ ತಂದು ಎಳೆಯುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ದೇವರ ದಯೆ, ತಾಯಿ ಈಗ ಗುಣವಾಗಿದ್ದಾರೆ. "ಮುಂದಿನ ಆ್ಯಕ್ಸಲ್‌ಗೂ ಲಾಕರ್ ಹಾಕಿಸಬೇಕೆಂದಿದ್ದೇನೆ, ಯಾವುದು ಒಳ್ಳೆಯದು?" ಎಂದು ಕೇಳಿದ್ದಾರೆ. ಜೀಪು ಓಡಿಸುವವರು ಎಪ್ಪತ್ತೆರಡು ವರ್ಷದ ತಂದೆ ಎಂಬುದನ್ನು ಪತ್ರದ ಅಂಚಿನಲ್ಲಿ ಚಿಕ್ಕದಾಗಿ ಬರೆದಿದ್ದಾರೆ. ನನಗೆ ಪತ್ರದಲ್ಲಿ ಅದೇ ದೊಡ್ಡ ವಿಷಯವಾಗಿ ಕಂಡಿತು.

ಲಾಕರ್ ಎಂದರೇನು ಎಂದು ಕೇಳುವವರಿಗೆ ಎರಡು ಮಾತು. ಎತ್ತಿನ ಗಾಡಿಯ ಚಕ್ರಗಳೆರಡೂ ಅಚ್ಚಿನ ಮೇಲೆ ಬೇರೆ ಬೇರೆಯಾಗಿ ಉರುಳುವುದರಿಂದ ತಿರುವಿನಲ್ಲಿ ತೊಂದರೆಯಿಲ್ಲ. ಎಂಜಿನ್ನಿನಿಂದ ತಿರುಗುವ ಚಕ್ರಗಳಿಗೆ ಆ ಸ್ವಾತಂತ್ರ್ಯ ಕೊಡಲು ಡಿಫರೆನ್ಷಿಯಲ್ ಬೇಕು. ಅದು ಎರಡೂ ಚಕ್ರಗಳಿಗೆ ಯಾವಾಗಲೂ ಸಮನಾದ ಬಲವನ್ನೇ ಹಂಚುತ್ತದೆ. ಗುಣವೂ ಅದೇ, ದೋಷವೂ ಅದೇ. ಒಂದು ಚಕ್ರ ಕೆಸರಿನಲ್ಲಿ ಹಿಡಿತವಿಲ್ಲದೆ ಗಿರಗಿರನೆ ತಿರುಗಿದರೆ ಅದಕ್ಕೆ ಬೇಕಾದ ಬಲ ತೀರ ಕಡಿಮೆ. ಗಟ್ಟಿ ನೆಲದಲ್ಲಿರುವ ಇನ್ನೊಂದು ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಹಾಗಾಗಿ ಫೋರ್ ವ್ಹೀಲ್ ಡ್ರೈವ್ ಹಾಕಿದ ಮೇಲೂ ಮುಂದೊಂದು ಹಿಂದೊಂದು ಚಕ್ರ ಸುಮ್ಮನೆ ತಿರುಗಿ ಜೀಪು ನಿಂತಲ್ಲೇ ನಿಲ್ಲುವುದುಂಟು. ಎರಡು ಚಕ್ರಗಳನ್ನೂ ಒಟ್ಟಿಗೆ ಬಿಗಿದು ಒಂದೇ ವೇಗದಲ್ಲಿ ತಿರುಗಿಸುವುದೇ ಲಾಕರ್. ಟ್ರ್ಯಾಕ್ಟರ್ ಓಡಿಸಿದವರಿಗೆ ಇದು ಹೊಸದಲ್ಲ. ಅದರ ಡಿಫ್ ಲಾಕ್ ಪೆಡಲ್ ತುಳಿದಾಗ ಸ್ಟೇರಿಂಗ್ ತಿರುಗಿಸಬಾರದೆಂದು ಊರಿನ ಹುಡುಗರಿಗೂ ಗೊತ್ತು.

ನನಗೆ ಗೊತ್ತಿರಲಿಲ್ಲ. ಗೊತ್ತಿತ್ತು, ಆದರೆ ಜೀಪಿಗೂ ಅದೇ ಮಾತು ಎಂದು ಹೊಳೆದಿರಲಿಲ್ಲ ಎನ್ನುವುದು ಸರಿ. ತಳೇಗಾಂವ ದಾಭಾಡೆಯಲ್ಲಿ ಮನೆ ಮಾಡಿದ ಹೊಸತರಲ್ಲಿ ನಾನೂ ಒಂದು ಹಳೆಯ ಜೀಪು ಕೊಂಡಿದ್ದೆ. ಮಾವಳದ ಮಳೆ ನಿಮಗೆ ಗೊತ್ತೇ ಇದೆ; ಜುಲೈ ಬಂತೆಂದರೆ ಲೋಣಾವಳಾದಿಂದ ರಾಜಮಾಚಿಗೆ ಹೋಗುವ ದಾರಿ ದಾರಿಯಾಗಿ ಉಳಿಯುವುದಿಲ್ಲ. ಮುಂದಿನ ಆ್ಯಕ್ಸಲ್‌ಗೆ ತಾನಾಗಿಯೇ ಬಿಗಿದುಕೊಳ್ಳುವ ಒಂದು ಅಗ್ಗದ ಲಾಕರ್ ಹಾಕಿಸಿಕೊಂಡು, ಮಿತ್ರರೊಬ್ಬರನ್ನು ಕೂರಿಸಿಕೊಂಡು ಅಲ್ಲಿಗೆ ಹೊರಟೆ. ಒಂದು ಕಲ್ಲಿನ ಪಕ್ಕ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಲೋ ಗೇರಿನಲ್ಲಿ ಆ್ಯಕ್ಸಲರೇಟರ್ ಒತ್ತಿದೆ. ಠಪ್ ಎಂದಿತು. ಎಡ ಚಕ್ರದ ಬಳಿಯ ಯೂನಿವರ್ಸಲ್ ಜಾಯಿಂಟ್ ತುಂಡು! ಭತ್ತದ ನಾಟಿ ಮಾಡುತ್ತಿದ್ದ ರೈತರೊಬ್ಬರು ಟ್ರ್ಯಾಕ್ಟರ್ ತಂದು, ಹಗ್ಗ ಕಟ್ಟುವ ಮೊದಲು ಹೇಳಿದ್ದು ಒಂದೇ ಮಾತು: "ಸಾಹೇಬ, ಆಧೀ ಚಾಕ ಸರಳ ಕರಾ." ಮೊದಲು ಚಕ್ರ ನೆಟ್ಟಗೆ ಮಾಡಿ ಎಂದು. ಆ ಮಾತು ಹತ್ತು ನಿಮಿಷ ಮೊದಲು ಸಿಕ್ಕಿದ್ದರೆ!

ಆದದ್ದಿಷ್ಟು. ಮಹೀಂದ್ರದವರು ಭಾರತದಲ್ಲಿ ತಯಾರಿಸಿದ ವಿಲ್ಲಿಸ್ ಸಿಜೆ-3ಬಿ ಜೀಪಿನ ಲೆಕ್ಕ ನೋಡಿ. ಮೊದಲ ಗೇರು ಸುಮಾರು 2.8, ಟ್ರಾನ್ಸ್‌ಫರ್ ಕೇಸಿನ ಲೋ 2.46, ಆ್ಯಕ್ಸಲ್ 5.38. ಮೂರನ್ನೂ ಗುಣಿಸಿದರೆ ಎಂಜಿನ್ನಿನ ಬಲ ಸುಮಾರು 37 ಪಟ್ಟಾಗಿ ಚಕ್ರಕ್ಕೆ ಬರುತ್ತದೆ. ಲಾಕರ್ ಇಲ್ಲದಾಗ ಆ್ಯಕ್ಸಲ್‌ನ ಪಾಲು ಎರಡು ಶಾಫ್ಟುಗಳಿಗೆ ಸರಿಯಾಗಿ ಹಂಚಿಹೋಗುತ್ತದೆ. ಲಾಕರ್ ಬಿದ್ದಾಗ ಹಿಡಿತವಿರುವ ಒಂದೇ ಶಾಫ್ಟು ಎಲ್ಲವನ್ನೂ ಹೊರಬೇಕಾಗಬಹುದು. ಮುಂದಿನ ಶಾಫ್ಟಿನ ಮಧ್ಯೆ ಜಾಯಿಂಟ್ ಬೇರೆ ಇದೆ. ಚಕ್ರ ಹೆಚ್ಚು ತಿರುಗಿದಷ್ಟೂ ಅದು ದುರ್ಬಲ. ಹಿಂದಿನ ಲಾಕರ್ ಹಾಕಿಸಿದ ಅನುಭವದ ಮೇಲೆ ಮುಂದಿನದನ್ನು ಅಳೆಯಬಾರದು ಎನ್ನುವುದು ಇದಕ್ಕೇ.

ಈಗ ಬಗೆಗಳ ವಿಚಾರ. ಎರಡೂ ಕಡೆಯನ್ನು ಶಾಶ್ವತವಾಗಿ ಬೆಸೆದುಬಿಡುವ ಸ್ಪೂಲ್ ಮನೆಯ ಗಾಡಿಗೆ ಬೇಡ, ಅದನ್ನು ಬಿಡೋಣ. ಲಿಮಿಟೆಡ್ ಸ್ಲಿಪ್ ಸೌಮ್ಯವಾದದ್ದು. ಆದರೆ ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದಾಗ ಹೆಚ್ಚಿನ ಉಪಕಾರವಿಲ್ಲ. ಉಳಿದವು ಎರಡು.

ತಾನಾಗಿ ಬೀಳುವ ಲಾಕರ್ ಹಳೆಯ ಡಿಫರೆನ್ಷಿಯಲ್ ಡಬ್ಬಿಯೊಳಗಿನ ಸಣ್ಣ ಗೇರುಗಳ ಜಾಗದಲ್ಲೇ ಕೂರುತ್ತದೆ. ಕ್ರೌನ್, ಪಿನಿಯನ್‌ಗಳನ್ನು ಮುಟ್ಟುವಂತಿಲ್ಲ, ಖರ್ಚು ಕಡಿಮೆ. ಹಳೆಯ ಜೀಪಿನಲ್ಲಿ ಇದಕ್ಕೆ ಇನ್ನೊಂದು ಅನುಕೂಲವೂ ಇದೆ: ಫ್ರೀ ವ್ಹೀಲಿಂಗ್ ಹಬ್ ಬಿಚ್ಚಿಟ್ಟರೆ ಡಾಂಬರು ರಸ್ತೆಯಲ್ಲಿ ಅದು ಇರುವುದೇ ಗೊತ್ತಾಗುವುದಿಲ್ಲ. ಆದರೆ ಹಬ್ ಹಾಕಿ ಫೋರ್ ವ್ಹೀಲ್‌ಗೆ ಬಂದ ಕ್ಷಣದಿಂದ ಅದು ನಿಮ್ಮನ್ನು ಕೇಳದೆ ಬಿಗಿಯುತ್ತದೆ, ಬಿಡುತ್ತದೆ. ಸ್ಟೇರಿಂಗ್ ಭಾರವಾಗುತ್ತದೆ, ಕೈಯಿಂದ ಕಿತ್ತುಕೊಂಡಂತೆ ಎಳೆಯುತ್ತದೆ, ತಿರುವಿನಲ್ಲೂ ನೆಟ್ಟಗೆ ಹೋಗಲು ನೋಡುತ್ತದೆ. ಇದಕ್ಕಿಂತ ಭಯದ್ದು ಅಡ್ಡ ಇಳಿಜಾರು. ಎರಡೂ ಮುಂಚಕ್ರಗಳು ಒಟ್ಟಿಗೆ ಜಾರತೊಡಗಿದರೆ ಜೀಪಿನ ಮೂತಿ ಪಕ್ಕದ ಕೊಲ್ಲಿಯ ಕಡೆಗೆ ಸರಿಯುತ್ತದೆ. ತೋಟದ ದಾರಿಗಳು ಹೇಗಿರುತ್ತವೆಂದು ಕೊಡಗಿನವರಿಗೆ ನಾನು ಹೇಳಬೇಕೇ?

ಬೇಕೆಂದಾಗ ಮಾತ್ರ ಬೀಳುವುದು ಎರಡನೆಯ ಬಗೆ. ಗಾಳಿಯ ಒತ್ತಡದಿಂದ, ವಿದ್ಯುತ್ತಿನಿಂದ ಅಥವಾ ಕೇಬಲ್ಲಿನಿಂದ ನಡೆಯುತ್ತದೆ. ಆಸ್ಟ್ರೇಲಿಯದ ಎಆರ್‌ಬಿ ಕಂಪನಿಯ ಏರ್ ಲಾಕರ್ ಜಗತ್ತಿನಾದ್ಯಂತ ಹೆಸರಾದದ್ದು. ನಮ್ಮ ಆಕುರ್ಡಿಯ ಫೋರ್ಸ್ ಮೋಟಾರ್ಸ್‌ನವರು, 2005ರವರೆಗೆ ಬಜಾಜ್ ಟೆಂಪೋ ಎನಿಸಿಕೊಂಡವರು, ತಮ್ಮ ಗೂರ್ಖಾ ಗಾಡಿಗೆ ಹಿಂದೆ ಮುಂದೆ ಎರಡೂ ಕಡೆ ಚಾಲಕನೇ ಹಾಕುವ ಲಾಕನ್ನು ಕಾರ್ಖಾನೆಯಲ್ಲೇ ಕೊಟ್ಟರು. ಲಾಕ್ ಬಿಟ್ಟಾಗ ಆ್ಯಕ್ಸಲ್ ಮೊದಲಿನಂತೆಯೇ, ಸ್ಟೇರಿಂಗ್ ಹಗುರ. ಆದರೆ ಇದಕ್ಕೆ ಡಬ್ಬಿಯನ್ನೇ ಬದಲಿಸಬೇಕು, ಕ್ರೌನ್ ಪಿನಿಯನ್‌ಗಳ ನಡುವಿನ ಸಂದನ್ನು ಡಯಲ್ ಗೇಜ್ ಇಟ್ಟು ಹೊಸದಾಗಿ ಹೊಂದಿಸಬೇಕು. ಅಂದಾಜಿನ ಮೇಲೆ ಮಾಡುವ ಮೇಸ್ತ್ರಿಯ ಕೈಗೆ ಕೊಡಬೇಡಿ, ಆರು ತಿಂಗಳಿಗೆ ಊಳಿಡತೊಡಗುತ್ತದೆ. ಗಾಳಿಯ ಕೊಳವೆ ಸೈಲೆನ್ಸರಿಗೆ ತಾಗದಂತೆ ಹಾಯಬೇಕು. ವೈರಿದ್ದರೆ ತೋಟದ ಮನೆಯ ಇಲಿಗಳ ನೆನಪಿರಲಿ. ಅವಕ್ಕೆ ಆಮದು ಮಾಲೆಂಬ ಭೇದವಿಲ್ಲ.

ಆದ್ದರಿಂದ ಪತ್ರ ಬರೆದ ಮಿತ್ರರೇ, ನಿಮ್ಮ ತಂದೆಯವರು ಓಡಿಸುವ ಗಾಡಿಯ ಮುಂದಿನ ಆ್ಯಕ್ಸಲ್‌ಗೆ ತಾನಾಗಿ ಬೀಳುವ ಲಾಕರ್ ಖಂಡಿತ ಬೇಡ, ಎಷ್ಟೇ ಅಗ್ಗವಾಗಿ ಸಿಗಲಿ. ಹಾಕಿಸುವುದಾದರೆ ಬೇಕಾದಾಗ ಹಾಕಿ ಬಿಡುವಂಥದ್ದೇ ಇರಲಿ. ನೆಟ್ಟಗಿನ ಏರಿನಲ್ಲಿ ಮಾತ್ರ ಹಾಕುವುದು, ಚಕ್ರ ತಿರುಗಿಸುವ ಮೊದಲು ಬಿಡುವುದು, ಅಡ್ಡ ಇಳಿಜಾರಿನಲ್ಲಿ ಮುಟ್ಟದಿರುವುದು. ಇದನ್ನು ಬೇಸಿಗೆಯಲ್ಲೇ ನೀವು ಪಕ್ಕದಲ್ಲಿ ಕುಳಿತು ಅವರಿಗೆ ಅಭ್ಯಾಸ ಮಾಡಿಸಬೇಕು. ಕತ್ತಲಲ್ಲಿ, ಮಳೆಯಲ್ಲಿ, ಹಿಂದಿನ ಸೀಟಿನಲ್ಲಿ ತಾಯಿ ಏದುಸಿರು ಬಿಡುತ್ತಿರುವಾಗ ಹೊಸ ಸ್ವಿಚ್ಚು ಕಲಿಯಲಾಗುವುದಿಲ್ಲ.

ಇನ್ನೊಂದು ಮಾತು, ಬೇಸರಿಸಬೇಡಿ. ಜೀಪು ನಿಂತದ್ದು ಒಂದೇ ಏರಿನಲ್ಲಿ, ಅದೂ ಮನೆಯ ಗೇಟಿನ ಹತ್ತಿರ. ಲಾಕರ್ ತರಿಸುವ ಮೊದಲು ಆ ಏರಿಗೆ ಕಲ್ಲು ಹಾಸಿಸಿ, ಪಕ್ಕದಲ್ಲಿ ಚರಂಡಿ ತೋಡಿಸಿ. ಟೈರಿನ ಹಲ್ಲು ಸವೆದಿದೆಯೇ ನೋಡಿ. ಗಾಳಿ ಸ್ವಲ್ಪ ಇಳಿಸಿದರೂ ಕೆಸರಿನಲ್ಲಿ ಹಿಡಿತ ಹೆಚ್ಚುತ್ತದೆ. ಚಕ್ರ ಗಿರಗಿರ ತಿರುಗತೊಡಗಿದಾಗ ಬ್ರೇಕನ್ನು ಮೆಲ್ಲಗೆ ಒತ್ತಿ ಹಿಡಿದರೆ ನಿಂತ ಚಕ್ರಕ್ಕೂ ಒಂದಿಷ್ಟು ಬಲ ಹೋಗುತ್ತದೆ. ಇದಕ್ಕೆ ದುಡ್ಡು ಬೇಡ.

ಇಷ್ಟಾದ ಮೇಲೂ ಬೇಕೆನಿಸಿದರೆ, ದೀಪಾವಳಿಗೆ ಊರಿಗೆ ಹೋದಾಗ ಮುಂದಿನ ಶಾಫ್ಟು ಹೊರಗೆಳೆಸಿ ಹಲ್ಲು ಎಣಿಸಿ. ಜೀಪಿನ ವಂಶದ ಆ್ಯಕ್ಸಲ್‌ಗಳಲ್ಲಿ 10, 19, 27, 30 ಹಲ್ಲುಗಳ ಶಾಫ್ಟುಗಳಿವೆ. ಒಂದಕ್ಕೆ ತಂದದ್ದು ಇನ್ನೊಂದಕ್ಕೆ ಕೂರದು. ಕ್ರೌನಿನ ಹಲ್ಲು, ಪಿನಿಯನ್ನಿನ ಹಲ್ಲುಗಳನ್ನೂ ಎಣಿಸಿ: 43 ಮತ್ತು 8 ಇದ್ದರೆ 5.38. ಲಾಕರಿನ ಡಬ್ಬಿ ಈ ಅನುಪಾತಕ್ಕೂ ಹೊಂದಬೇಕು. ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ಮಾರ್ಪಾಡುಗಳ ಬಗ್ಗೆ ಕಟ್ಟುನಿಟ್ಟಾಗಿರುವುದರಿಂದ ಆರ್.ಟಿ.ಓ. ಕಚೇರಿಯಲ್ಲೂ ವಿಮೆಯವರಲ್ಲೂ ಒಂದು ಮಾತು ಕೇಳಿಡಿ. ಎಣಿಸಿದ ಅಂಕಿಗಳನ್ನು ಒಂದು ಕಾರ್ಡಿನಲ್ಲಿ ಬರೆದು ಸಂಘದ ವಿಳಾಸಕ್ಕೆ ಕಳಿಸಿ. ಯಾವುದು ಹೊಂದುತ್ತದೆಂದು ಒಟ್ಟಿಗೆ ಕೂತು ನೋಡೋಣ. ಗೇಟಿನ ಏರಿಗೆ ಕಲ್ಲು ಹಾಸಿಸಿದಿರೋ ಇಲ್ಲವೋ, ಅದನ್ನೂ ಬರೆಯಿರಿ.