ಮುದುಕರಾಗ್ಯಾರ, ಕುಡೀಲಿ ಬಿಡ್ರಿ ಅನ್ನವರಿಗೆ

ಮೊನ್ನೆ ಓಣ್ಯಾಗ ಕುಬಸದ ಮನ್ಯಾಗ ಕುಂತಾಗ ಒಬ್ಬಾಕಿ ಅಂದಳು, "80 ಮುಟ್ಟ್ಯಾರ, ಇನ್ನೆಷ್ಟ ದಿನಾ? ಸಂಜಿಗೆ ಒಂದೀಟ ಕುಡದ್ರ ಕುಡೀಲಿ ಬಿಡವಾ." ಎಲ್ಲಾರೂ ತಲಿ ಹಾಕಿದ್ರು. ಮಂದಿ ಮನಿ ಕಾರ್ಯದಾಗ ಜಗಳ ಯಾಕಂತ ನಾನೂ ಸುಮ್ಮನಾದೆ. ಮನಿಗೆ ಬಂದ ಮ್ಯಾಲೆ ಸಿಟ್ಟು ತಡಿಯಲಿಲ್ಲ, ಅದಕ್ಕ ಇಲ್ಲಿ ಬರ್ಯಾಕತ್ತೀನಿ.

ಹಿಂಗ "ಬಿಡವಾ" ಅನ್ನವರು ಯಾರೂ ರಾತ್ರಿ ಎರಡಕ್ಕ ಎದ್ದು ಒದ್ದಿ ಧೋತರ ಬದಲಿ ಮಾಡಂಗಿಲ್ಲ. ಬೆಂಗಳೂರಿಂದ ಬರೂ ಮೈದುನ 90ರ ಪ್ಯಾಕೆಟ್ ದಿಂಬಿನ ಕೆಳಗ ಇಟ್ಟು, ಪ್ರೀತಿ ತೋರಿಸಿ ಹೊಕ್ಕಾನ. ಬಿದ್ರ ಎತ್ತಾಕಿ ನಾನು.

ಬಿದ್ರೂ ಬಿದ್ರು. ನಮ್ಮ ಮಾವನೋರು ಬಚ್ಚಲದಾಗ ಜಾರಿ ಚಪ್ಪಿ ಎಲುಬು ಮುರಕೊಂಡ್ರು. ದವಾಖಾನ್ಯಾಗ ಡಾಕ್ಟರು "ಕುಡಿಯು ರೂಢಿ ಐತೇನು?" ಅಂತ ಕೇಳಿದ್ರ ನಮ್ಮ ಮನಿಯವರು "ಛೇ, ಇಲ್ರಿ" ಅಂದ್ಬಿಟ್ರು. ನಾನು ಬಾಗಿಲದಾಗ ನಿಂತಿದ್ದೆ, ಬಾಯಿ ತೆಗೀಲಿಲ್ಲ. 20 ವರ್ಷದಿಂದ ದಿನಾ ಒಂದ ಕ್ವಾರ್ಟರ್, ಅಂದ್ರ 180 ಎಂ.ಎಲ್., ಕುಡದಾವರು! ಮೂರನೇ ದಿನ ಕೈ ನಡಗಾಕತ್ತಿದ್ವು. ಗ್ವಾಡಿ ಮ್ಯಾಲೆ ಇರವಿ ಹರದಾಡತಾವ ಅಂತ ಹೊಡಿಯಾಕತ್ರು, ಸಲಾಯಿನ್ ಕಿತ್ತ ಒಗದ್ರು. ಮಗ್ಗಲ ಹಾಸಿಗಿಯಾಕಿ ದೃಷ್ಟಿ ತಗೀರಿ ಅಂದಳು, ನಾದಿನಿ ಅರಳು ಮರಳು ಅಂದಳು. ಎರಡೂ ಅಲ್ಲ. ದಿನಾ ಕುಡಿಯೋರಿಗೆ ಒಮ್ಮೆಲೆ ನಿಂತ್ರ ಎರಡ-ಮೂರ ದಿನದಾಗ ಹಿಂಗ ಆಗಬಹುದು, ಫಿಟ್ಸ್ ಬರಬಹುದು, ಜೀವಾನೂ ಹೋಗಬಹುದು. ಕಡೀಕೆ ನಾನ ನರ್ಸಬಾಯಿ ಹಂತ್ಯಾಕ ಹೋಗಿ ಖರೇ ಹೇಳಿದೆ. ಔಷಧ ಬದಲಾತು, ಬಿ1 ವಿಟಮಿನ್ ಸೂಜಿ ಸುರು ಆತು, ಐದಾರ ದಿನಕ್ಕ ನಮ್ಮ ಗುರ್ತ ಹಿಡದ್ರು. ಮರ್ಯಾದಿ ಉಳಸಾಕ ಹೋಗಿ ಮಾವನೋರನ್ನ ಕಳಕೋತಿದ್ವಿ.

ಅದಕ್ಕ "ನಾಳಿಂದ ಒಂದ ಹನಿ ಇಲ್ಲ" ಅಂತ ಬಾಟ್ಲಿ ಒಡಿಯೋ ಶೂರರ ಮ್ಯಾಲೂ ನನಗ ಅಷ್ಟ ಸಿಟ್ಟು ಐತಿ. ಬಿಡಸೂದು ಡಾಕ್ಟರ ಕೈಯಾಗ ಆಗಬೇಕು. ನಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಐತಿ. ಇಲ್ಲಾ 14416ಕ್ಕ ಫೋನ್ ಹಚ್ಚ್ರಿ, ಸರಕಾರದ್ದು, ಕನ್ನಡದಾಗ ಮಾತಾಡತಾರ.

ಇನ್ನ "ಒಂದೀಟ" ಅನ್ನೂ ಮಾತು. ವಯಸ್ಸಾದ ಮೈಯಾಗ ನೀರಿನ ಅಂಶ ಕಡಿಮಿ, ಹರೇದಾಗ ತಡಕೊಂಡಿದ್ದು ಈಗ ಜಾಸ್ತಿ ಏರತೈತಿ. ಸಕ್ಕರಿ ಗುಳಗಿ ನುಂಗಿ, ಊಟಾ ಬಿಟ್ಟು ಕುಡದ್ರ ಸಕ್ಕರಿ ದಬಕ್ಕನ ಇಳೀಬಹುದು. ನಿದ್ದಿ ಗುಳಗಿ ಕೂಡಿದ್ರ ಉಸರ ಕಡಿಮಿ ಆಗಬಹುದು. (ನಾವೂ ಏನ ಕಡಿಮಿ ಇಲ್ಲ ಬಿಡ್ರಿ. ನಮ್ಮತ್ತಿ ದ್ರಾಕ್ಷಾರಿಷ್ಟ ಚಮಚಾ ಬಿಟ್ಟು ವಾಟಗದಾಗ ಕುಡೀತಿದ್ರು. ಅದ್ರಾಗೂ ಅಲ್ಕೋಹಾಲ್ ಇರತೈತಿ, ಬಾಟ್ಲಿ ಮ್ಯಾಲೆ ಬರದಿರತಾರ, ಓದವರ ಯಾರು?)

ಈಗ ಮಾವನೋರು ಸಂಜಿ ಆರಕ್ಕ ಚಾ ಕುಡದು ಬಾಗಿಲ ಕಡೆ ನೋಡಕೋಂತ ಕುಂದ್ರತಾರ. ಪಾಪ ಅನಸತೈತಿ, ಸುಳ್ಳ ಯಾಕ ಹೇಳಲಿ. ಮುಂದಿನ ತಿಂಗಳ ಜಾತ್ರಿಗೆ ಮೈದುನ ಬರಾವ ಅದಾನ. ದಿಂಬಿನ ಕೆಳಗ ಕೈ ಹಾಕಿದ್ರ ಈ ಸಲ ಹಾಸಿಗಿ ಸಹಿತ ಅವರಪ್ಪನ್ನ ಅವನ ಕಾರಿನಾಗ ಕುಂದ್ರಿಸಿ ಕಳಸಾಕಿ ನಾನು.