ಅಂಜಿಸಿ ಪಡೆದದ್ದು ಒಪ್ಪಿಗೆಯೇ?

ಅಕ್ಕಮಹಾದೇವಿಯು ಕೌಶಿಕನನ್ನು ವಿವಾಹವಾದಳೇ, ಇಲ್ಲವೇ? ಈ ಪ್ರಶ್ನೆಯ ಸುತ್ತ ನಮ್ಮ ವಿದ್ವಾಂಸರೂ ಪ್ರವಚನಕಾರರೂ ಕಥೆಗಾರರೂ ದಶಕಗಳಿಂದ ವಾದಿಸುತ್ತ ಬಂದಿದ್ದಾರೆ. ಆದಳೆಂದರೆ ಅಕ್ಕನ ವೈರಾಗ್ಯಕ್ಕೆ ಕುಂದು ತಟ್ಟುವುದೆಂದು ಒಂದು ಪಕ್ಷದ ಅಳುಕು. ಆಗಲಿಲ್ಲವೆಂದರೆ ಹರಿಹರನ ಮಾತನ್ನು ತಳ್ಳಿಹಾಕಿದಂತಾಗುವುದೆಂದು ಇನ್ನೊಂದು ಪಕ್ಷದ ಆಕ್ಷೇಪ. ಈ ಗದ್ದಲದ ನಡುವೆ ಮೊದಲು ಕೇಳಬೇಕಾಗಿದ್ದ ಪ್ರಶ್ನೆಯೇ ಹಿಂದೆ ಬಿದ್ದಿದೆ. ಆಕೆ ಒಪ್ಪಿದ್ದಳೇ? ಒಪ್ಪಿದ್ದರೆ ಆ ಒಪ್ಪಿಗೆ ಎಂತಹದು?

ಹರಿಹರನ ರಗಳೆಯನ್ನು ಶಾಂತಚಿತ್ತದಿಂದ ಓದಿದವರಿಗೆ ಉತ್ತರ ದೊರೆಯುತ್ತದೆ. ಉಡುತಡಿಯ ಬೀದಿಯಲ್ಲಿ ಕನ್ನಿಕೆಯನ್ನು ಕಂಡು ಮರುಳಾದ ಅರಸನು ಮಂತ್ರಿಗಳನ್ನು ಕಳುಹಿಸುತ್ತಾನೆ. ಹೆತ್ತವರಿಗೆ ಕೇಡು ಒದಗುವ ಭಯ ಎದುರಿಗೆ ನಿಂತಾಗ ಮಹಾದೇವಿ ಅರಮನೆಗೆ ಹೋಗಲು ಒಡಂಬಡುತ್ತಾಳೆ. ಅದೂ ಬರಿಗೈಯಿಂದಲ್ಲ, ಕರಾರುಗಳೊಡನೆ. ತನ್ನಿಚ್ಛೆಯಂತೆ ಶಿವಪೂಜೆ ನಡೆಯಬೇಕು, ಮಾಹೇಶ್ವರರ ಸಂಗಕ್ಕೆ ತಡೆಯಿರಬಾರದು, ಗುರುಸೇವೆಗೆ ಅಡ್ಡಿ ಬರಬಾರದು. ಮೂರು ತಪ್ಪುಗಳವರೆಗೆ ಸೈರಿಸುವೆನೆಂದು ಆಕೆ ಹೇಳಿದಳು. ಕೌಶಿಕನು ಮೂರು ಸಲವೂ ಮಾತು ಮುರಿದನು; ಅಕ್ಕ ಅರಮನೆಯನ್ನು ತೊರೆದು ಹೊರಟಳು. ಪತಿಯೆಂಬ ಹೆಸರಾಗಲಿ ಅರಸನೆಂಬ ಪದವಿಯಾಗಲಿ ಅವನ ನೆರವಿಗೆ ಬರಲಿಲ್ಲ.

ಹದಿನೈದನೆಯ ಶತಮಾನದ ಚಾಮರಸನು ‘ಪ್ರಭುಲಿಂಗಲೀಲೆ’ಯಲ್ಲಿ ವಿವಾಹವನ್ನೇ ಒಪ್ಪುವುದಿಲ್ಲ. ಆತನ ಮಹಾದೇವಿ ಅರಸನ ಇಚ್ಛೆಗೆ ಒಳಗಾಗದೆ ಹೊರಟುಬರುತ್ತಾಳೆ. ಕಥೆಯಲ್ಲಿ ಇಷ್ಟು ಅಂತರವಿದ್ದರೂ ತತ್ತ್ವದಲ್ಲಿ ಈ ಇಬ್ಬರು ಕವಿಗಳು ಒಂದೇ. ಅಂಜಿಕೆಯಿಂದ ಹುಟ್ಟಿದ ‘ಹೂಂ’ ಎಂಬುದಕ್ಕೆ ಒಲವಿನ ಬೆಲೆಯಿಲ್ಲ. ಕರಾರು ಮುರಿದ ಗಳಿಗೆಯಲ್ಲಿ ಒಪ್ಪಿಗೆಯೂ ಮುರಿಯಿತು. ಕೌಶಿಕನ ಮೋಹಕ್ಕೆ ಇಬ್ಬರಲ್ಲಿ ಯಾರೂ ಪ್ರೇಮವೆಂಬ ಹೆಸರಿಡಲಿಲ್ಲ.

ಇಂತಹ ಪರಂಪರೆಯ ವಾರಸುದಾರರಾದ ನಮ್ಮ ಕಥೆ, ಕಾದಂಬರಿ, ಚಲಚ್ಚಿತ್ರಗಳು ಬಹುಕಾಲ ಮಾಡಿದ್ದೇನು? ಬೇಡವೆಂದು ಮುಖ ತಿರುಗಿಸಿದ ಹೆಣ್ಣನ್ನು ನಾಯಕನು ಬೀದಿಬೀದಿಯಲ್ಲಿ ಬೆನ್ನಟ್ಟುತ್ತಾನೆ, ಕೈ ಹಿಡಿದೆಳೆಯುತ್ತಾನೆ, ಕೊನೆಯ ಪುಟದಲ್ಲಿ ಆಕೆ ನಾಚಿ ತಲೆ ತಗ್ಗಿಸುತ್ತಾಳೆ. ‘ಮೌನಂ ಸಮ್ಮತಿಲಕ್ಷಣಂ’ ಎಂಬ ಮಾತನ್ನು ಕಥೆಗಾರನು ತನಗೆ ಬೇಕಾದಂತೆ ತಿರುಚಿಕೊಂಡಿದ್ದಾನೆ. ಇನ್ನೂ ಹೇಯವಾದ ಮಾದರಿಯೊಂದುಂಟು: ಕೆಡಿಸಿದವನಿಗೇ ಆ ಹುಡುಗಿಯನ್ನು ಕಟ್ಟಿ, ಮಂಗಳವಾದ್ಯ ನುಡಿಸಿ, ಕಥೆಯನ್ನು ಸುಖಾಂತ್ಯಗೊಳಿಸುವುದು. ಸ್ಮೃತಿಕಾರರನ್ನು ನಾವು ಅನೇಕ ವಿಷಯಗಳಲ್ಲಿ ಒಪ್ಪುವವರಲ್ಲ. ಆದರೂ ನಿದ್ರಿಸುತ್ತಿರುವ, ಮತ್ತಿನಲ್ಲಿರುವ ಹೆಣ್ಣನ್ನು ಕೂಡುವುದಕ್ಕೆ ಮನುಸ್ಮೃತಿಯೂ ‘ಪೈಶಾಚ’ವೆಂದು ಹೆಸರಿಟ್ಟು, ಎಂಟು ವಿವಾಹಗಳಲ್ಲಿ ಅತ್ಯಧಮವೆಂದು ಎಣಿಸಿತು. ನಮ್ಮ ಜನಪ್ರಿಯ ಲೇಖನಿಗೆ ಅಷ್ಟು ವಿವೇಕವೂ ಬೇಡವೇ?

‘ಕಥೆ ಕಥೆಯೇ, ಅದರಿಂದ ಲೋಕ ಕೆಡುವುದೇ?’ ಎನ್ನುವವರಿದ್ದಾರೆ. ಅವರು ಒಂದು ಮೊಕದ್ದಮೆಯನ್ನು ನೆನೆಯಲಿ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತೆಂಬ ಪ್ರಕರಣದಲ್ಲಿ, 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು. ಆಕೆಯ ಮೈಮೇಲೆ ಗಾಯದ ಗುರುತಿಲ್ಲದ್ದು ಆ ತೀರ್ಪಿನ ಒಂದು ಮುಖ್ಯ ಆಧಾರವಾಯಿತು. ಕೂಗಾಡದವಳು ಒಪ್ಪಿದವಳೆಂಬ ಕಥೆಗಾರನ ತರ್ಕಕ್ಕೂ ಇದಕ್ಕೂ ಎಷ್ಟು ದೂರ? ದೇಶದಾದ್ಯಂತ ಪ್ರತಿಭಟನೆ ಎದ್ದಿತು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಮೈಯಿಂದ ಪ್ರತಿಭಟಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಒಪ್ಪಿದಳೆಂದು ತಿಳಿಯತಕ್ಕದ್ದಲ್ಲ ಎಂಬ ಸ್ಪಷ್ಟ ವಿವರಣೆ ಕಾನೂನಿಗೆ ಸೇರಲು 2013ರವರೆಗೆ ಕಾಯಬೇಕಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ, ಹದಿನೆಂಟು ತುಂಬಿದ ಪತ್ನಿಯ ವಿಷಯದಲ್ಲಿ ಪತಿಗೆ ವಿನಾಯಿತಿ ಉಳಿದೇ ಇದೆ. ಅರಮನೆಯ ಬಾಗಿಲನ್ನು ದಾಟಿ ಹೊರಟ ಮಹಾದೇವಿಯಿಂದ ಎಂಟು ಶತಮಾನಗಳ ಬಳಿಕವೂ ನಾವು ಕಲಿತದ್ದು ಸಾಲದು.

ಕಾಮವನ್ನು ಬರೆಯಬೇಡಿರೆಂದು ನಾವು ಹೇಳುತ್ತಿಲ್ಲ. ಬಲಾತ್ಕಾರವನ್ನೂ ಬರೆಯಿರಿ, ಕೌಶಿಕನ ಕುದಿತವನ್ನೂ ಬರೆಯಿರಿ, ಹರಿಹರನು ಬರೆಯಲಿಲ್ಲವೇ? ಆದರೆ ಬಲಾತ್ಕಾರಕ್ಕೆ ಒಲವಿನ ಬಣ್ಣ ಬಳಿಯಬೇಡಿರಿ. ಹೆಣ್ಣಿನ ಬಾಯಿಂದ ಮಾತು ಬರಲಿ. ಆ ಮಾತು ‘ಬೇಡ’ ಎಂದಾದರೆ ಅದನ್ನು ‘ಬೇಕು’ ಎಂದು ಓದಿಸುವ ಚಮತ್ಕಾರ ನಿಲ್ಲಲಿ. ಹೀಗೆ ಬರೆದರೆ ರಸಭಂಗವಾಗುವುದೆಂಬ ಭಯ ಹುಸಿ. ಇಷ್ಟಪಟ್ಟು ಕೂಡಿದ ಇಬ್ಬರ ಸುಖವನ್ನು ಬರೆಯಲಾರದವನು ರಸವನ್ನೇ ಅರಿಯದವನು.

ನಮ್ಮ ಪ್ರವಚನಪೀಠಗಳಿಗೂ ಈ ಮಾತು ಸಲ್ಲುತ್ತದೆ. ಅಕ್ಕನ ಕಥೆ ಹೇಳುವಾಗ ಆಕೆಯ ಶೀಲವನ್ನು ಅಳೆಯಲು ಹೊರಡುವ ನಾವು, ಕೌಶಿಕನ ಅನ್ಯಾಯವನ್ನು ಎರಡು ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಮದುವೆಯಾಗಿದ್ದರೂ ಅಕ್ಕನಿಗೆ ಕುಂದಿಲ್ಲ, ಆಗದಿದ್ದರೂ ಅದರಿಂದ ಹೊಸ ಹಿರಿಮೆಯಿಲ್ಲ. ಕುಂದು ಅಂಜಿಸಿದವನದು. ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಇಂದು ಅಧ್ಯಾಪಕರು, ಲೇಖಕರು, ನ್ಯಾಯವಾದಿಗಳು. ತರಗತಿಯಲ್ಲಿಯೂ ಬರಹದಲ್ಲಿಯೂ ಮನೆಯ ಜಗಲಿಯಲ್ಲಿಯೂ ಅವರು ಈ ಕಥೆಯನ್ನು ಇನ್ನು ಮುಂದೆ ಹೀಗೆಯೇ ಹೇಳಲಿ. ಕೇಳುವ ಹೆಣ್ಣುಮಕ್ಕಳಿಗೆ ತಮ್ಮ ‘ಬೇಡ’ಕ್ಕೆ ಬೆಲೆಯುಂಟೆಂದು ತಿಳಿಯಲಿ, ಗಂಡುಮಕ್ಕಳಿಗೆ ಅದನ್ನು ಕೇಳಿಸಿಕೊಳ್ಳುವ ಕಿವಿ ಬರಲಿ.