ಪಲ್ಪರ್ ನೀರಿಗೊಂದು ಅಯಸ್ಕಾಂತ

ದುಬಾರೆಯ ಶಿಬಿರದಲ್ಲಿ ಆನೆಗಳ ಮೈ ತೊಳೆಯುವುದು ಕಾವೇರಿಯ ನೀರಿನಲ್ಲಿ. ಸಿದ್ದಾಪುರ ದಾಟಿ ಇಲ್ಲಿಗೆ ಬರುವ ಹೊಳೆಯುದ್ದಕ್ಕೂ ಕಾಫಿ ತೋಟಗಳು. ನವೆಂಬರ್‌ನಿಂದ ಮಾರ್ಚ್‌ವರೆಗೆ ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ ಕೊಯ್ಲು. ಹೊಳೆ ಇಳಿಯುವ ಹೊತ್ತಿಗೇ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳು ತಿರುಗತೊಡಗುತ್ತವೆ.

ಹಣ್ಣು ಹಿಸುಕಿದರೆ ಬೀಜ ಜಾರಿ ಹೊರಬರುತ್ತದೆ, ಅದಕ್ಕಂಟಿದ ಲೋಳೆ ಮಾತ್ರ ಬಿಡುವುದಿಲ್ಲ. ಆ ಲೋಳೆ ತೊಳೆದ ನೀರಿನಲ್ಲಿ ಸಕ್ಕರೆ, ಪೆಕ್ಟಿನ್ ತುಂಬಿರುತ್ತವೆ. ಅದು ಹೊಳೆ ಸೇರಿದರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಸುತ್ತ ನೀರಿನ ಆಮ್ಲಜನಕ ಬರಿದು ಮಾಡುತ್ತವೆ, ಮೀನಿಗೆ ಉಸಿರಿಲ್ಲ. ತೊಟ್ಟಿಯಲ್ಲಿ ಕೊಳೆಸಿ ಅನಿಲ ತೆಗೆದರೆ ಈ ಹೊರೆ ಬಹುಪಾಲು ಇಳಿಯುತ್ತದೆ. ಹಣ್ಣಿನಿಂದ ಬಂದ ಪಾಲಿಫಿನಾಲ್ ಎಂಬ ಸಂಯುಕ್ತಗಳ ಕಪ್ಪುಗಂದು ಬಣ್ಣ ಮಾತ್ರ ಹಟ ಹಿಡಿದು ನಿಲ್ಲುತ್ತದೆ.

ಎಣ್ಣೆ ಬಾವಿಗಳವರಿಗೂ ಇಂಥದ್ದೇ ಕಷ್ಟ. ಹಳೆಯ ಬಾವಿಯಲ್ಲಿ ಎಣ್ಣೆಗಿಂತ ಹಲವು ಪಟ್ಟು ನೀರು ಮೇಲೆ ಬರುತ್ತದೆ, ಅದರಲ್ಲಿ ಕರಗಿದ ಫಿನಾಲ್‌ನಂಥ ವಿಷಗಳಿರುತ್ತವೆ. ಅದಕ್ಕೆ ಪ್ರಯೋಗಾಲಯಗಳು ಹುಡುಕಿಕೊಂಡ ಮದ್ದುಗಳಲ್ಲಿ ಒಂದು ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್. ಇದಕ್ಕೆ ಬಳಸುವ ಅದರ ಕಣ ಹತ್ತಿಪ್ಪತ್ತು ನ್ಯಾನೊಮೀಟರ್. ಒಂದು ಮಿಲಿಮೀಟರಿನಲ್ಲಿ ನ್ಯಾನೊಮೀಟರ್‌ಗಳು ಹತ್ತು ಲಕ್ಷ. ನೀರಿಗೆ ಈ ಪುಡಿಯ ಜೊತೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದರೆ, ಕಬ್ಬಿಣ ತಾಗಿದ ಪೆರಾಕ್ಸೈಡ್ ಒಡೆದು, ಎದುರಾದ ಸಾವಯವ ಅಣುವನ್ನೆಲ್ಲ ಮುರಿಯುವ ಹೈಡ್ರಾಕ್ಸಿಲ್ ಕಣಗಳನ್ನು ಕೊಡುತ್ತದೆ. ಇದರ ಮೂಲ ಕ್ರಿಯೆಯನ್ನು ರಸಾಯನವಿಜ್ಞಾನಿ ಫೆಂಟನ್ 1894ರಲ್ಲೇ ವರದಿ ಮಾಡಿದ್ದರು. ಕರಗಿದ ಕಬ್ಬಿಣ ಬಳಸಿದರೆ ಕೊನೆಗೆ ರಾಶಿ ಕೆಸರು ಉಳಿಯುತ್ತದೆ. ಮ್ಯಾಗ್ನೆಟೈಟ್ ಆದರೆ ಪಾತ್ರೆಯ ಪಕ್ಕಕ್ಕೆ ಅಯಸ್ಕಾಂತ ಹಿಡಿದಾಗ ಕರಿ ಪುಡಿ ಗೋಡೆಗೆ ಕಚ್ಚಿಕೊಳ್ಳುತ್ತದೆ, ತಿಳಿನೀರನ್ನು ಬಗ್ಗಿಸಿಕೊಂಡು ಪುಡಿಯನ್ನು ಮತ್ತೆ ಬಳಸಬಹುದು.

ಎಣ್ಣೆ ಬಾವಿಯ ನೀರಿನಲ್ಲಿ ಉಪ್ಪು ಹೆಚ್ಚು, ಅದರ ಕ್ಲೋರೈಡ್ ಈ ಕ್ರಿಯೆಗೆ ಅಡ್ಡ ಬರುತ್ತದೆ. ಪಲ್ಪರ್ ನೀರಿಗೆ ಆ ತೊಡಕಿಲ್ಲ. ಹುಳಿತಾಗ ಅದರ ಪಿಎಚ್ ತಾನಾಗಿಯೇ 4ರ ಸುತ್ತ ಇಳಿಯುತ್ತದೆ, ಫೆಂಟನ್ ಕ್ರಿಯೆಗೆ ಬೇಕಾದ 3ಕ್ಕೆ ಅದು ಹತ್ತಿರವೇ. ಆದರೆ ಸಕ್ಕರೆ ತುಂಬಿದ ನೀರಿಗೆ ನೇರವಾಗಿ ಪೆರಾಕ್ಸೈಡ್ ಸುರಿಯುವುದು ದುಂದು. ಸಕ್ಕರೆಯೇ ಅದನ್ನೆಲ್ಲ ತಿಂದುಬಿಡುತ್ತದೆ. ಮೊದಲು ಸೂಕ್ಷ್ಮಜೀವಿ, ಕಡೆಗೆ ಅಯಸ್ಕಾಂತ: ನನಗೆ ಸರಿ ಕಾಣುವ ಕ್ರಮ ಇದು. ತೊಟ್ಟಿಯಲ್ಲಿ ಕೊಳೆಯುವಾಗ ಹುಳಿಯೂ ಇಳಿಯುವುದರಿಂದ, ಅಲ್ಲಿಂದ ಬಂದ ನೀರಿಗೆ ಆಗ ಮತ್ತೆ ಸ್ವಲ್ಪ ಆಮ್ಲ ಬೇಕಾದೀತು, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಯಸ್ಕಾಂತಕ್ಕೆ ಸಿಗದೆ ತಪ್ಪಿಸಿಕೊಂಡ ಮ್ಯಾಗ್ನೆಟೈಟ್ ಕಣಗಳು ಹೊಳೆ ಸೇರುವಂತೆಯೂ ಇಲ್ಲ.

ಇದನ್ನು ಬೀಕರಿನಲ್ಲಲ್ಲ, ತೋಟದ ತೊಟ್ಟಿಯಲ್ಲೇ ಪರೀಕ್ಷಿಸಬೇಕು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ದುಬಾರೆಗೆ ದೂರವೇನಲ್ಲ. ಅಲ್ಲಿನ ವಿಜ್ಞಾನಿಗಳು ಒಂದು ಕೊಯ್ಲಿನ ಕಾಲವನ್ನು ಈ ಪ್ರಯೋಗಕ್ಕೆ ಕೊಡಲಿ. ಅಲ್ಲಿಯವರೆಗೆ ಬೆಳೆಗಾರರು ತೊಳೆಯುವ ನೀರನ್ನು ಕಡಿಮೆ ಮಾಡಿ, ಬಳಸಿದ್ದನ್ನು ತೋಟದೊಳಗೇ ಹಿಡಿದಿಡಲಿ.